ಮಾದರಿ ವಿಮಾನದ ಮೈಮೇಲಿನ ಲಾಂಛನ

ಕೊಪ್ಪಳ ಸಮೀಪದ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ಮೈಯನ್ನು ಮೊದಲು ನುಣುಪುಗೊಳಿಸಿ ಆಮೇಲಷ್ಟೇ ಬಣ್ಣ ಹಚ್ಚುವಂತೆ, ಮಾದರಿ ವಿಮಾನಕ್ಕೆ ಡಿಕಾಲ್, ಅಂದರೆ ಅಂಟುಕಾಗದದ ಮೇಲೆ ಮುದ್ರಿಸಿದ ತೆಳು ಪೊರೆಯ ಚಿತ್ರ, ಕೂರಿಸುವ ಮುನ್ನ ಹೊಳಪಿನ ವಾರ್ನಿಶ್ ಬಳಿಯಬೇಕಾಗುತ್ತದೆ; ಒರಟು ಮೈಯಾದರೆ ಪೊರೆಯಡಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ, 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಯುದ್ಧವಿಮಾನದ ಮಾದರಿಯಾದರೆ, ಹೊರಗೆ ಕೇಸರಿ, ಒಳಗೆ ಬಿಳಿ, ನಡುವೆ ಹಸಿರಿರುವ ವಾಯುಪಡೆಯ ವೃತ್ತಲಾಂಛನವನ್ನು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸುಮಾರು ಅರ್ಧ ನಿಮಿಷ ನೆನೆಸಿ, ರೆಕ್ಕೆಯ ಮೇಲಿಟ್ಟು, ಅಡಿಯ ಕಾಗದವನ್ನು ಮೆಲ್ಲನೆ ಜಾರಿಸಬೇಕು. ಬಳಿಕ ನೀರನ್ನು ನಡುವಿನಿಂದ ಅಂಚಿಗೆ ಒತ್ತಿ ತೆಗೆದು, ಪೊರೆಯನ್ನು ಮೆದುವಾಗಿಸುವ ದ್ರಾವಣ ಸವರಿದರೆ ಅದು ರೆಕ್ಕೆಯ ಸಣ್ಣ ಗೆರೆಗಳೊಳಗೂ ಇಳಿಯುತ್ತದೆ. ಆಗ ಏಳುವ ಸುಕ್ಕುಗಳು ಒಣಗುತ್ತ ಸಾಮಾನ್ಯವಾಗಿ ತಾವಾಗಿಯೇ ಅಡಗುವುದರಿಂದ, ಅವಸರಪಟ್ಟು ಬೆರಳಿಡದಿರುವುದೇ ಒಳ್ಳೆಯದು.