ಟಿಕೆಟ್ಟಿಲ್ಲದೆ ರೈಲು ಹತ್ತಿದ ನೀಲಿ ಜೇಡ

ಮುಂಬಯಿಯಿಂದ ಚೆನ್ನೈಗೆ ಹೋಗುವ ಹಳೆಯ ರೈಲುದಾರಿ ನಮ್ಮ ಸೀಮೆಯವರಿಗೆ ಮನೆಯಂಗಳದಷ್ಟೇ ಪರಿಚಿತ. ಅತನೂರ, ಅಫಜಲಪುರದ ಕಡೆಯವರು ಗಾಣಗಾಪುರ ರೋಡಿನಲ್ಲೋ ಕಲಬುರಗಿಯಲ್ಲೋ ಗಾಡಿ ಹತ್ತಿದರೆ ವಾಡಿ, ಯಾದಗಿರಿ, ರಾಯಚೂರು, ಆದೋನಿ, ಗುಂತಕಲ್ಲುಗಳನ್ನು ದಾಟಿದ ಮೇಲೆ ಗುತ್ತಿ ಎಂಬ ಊರು ಬರುತ್ತದೆ. ಕಿಟಕಿಯಿಂದ ಕಾಣುವುದು ಬೆಟ್ಟದ ಮೇಲಿನ ಕೋಟೆ. ತಿರುಪತಿಗೆ ಹೊರಟವರಲ್ಲಿ ಬಹಳ ಮಂದಿ ಈ ಊರನ್ನು ನಿದ್ದೆಯಲ್ಲೇ ದಾಟಿರುತ್ತಾರೆ. ಆದರೆ ಜೇಡ ಸಾಕುವ ಹವ್ಯಾಸವಿರುವ ಯುರೋಪು, ಅಮೆರಿಕದ ಜನಕ್ಕೆ ಗುತ್ತಿಯ ಹೆಸರು ಬಾಯಿಪಾಠ. ಅವರು ಕೊಂಡು ಸಾಕುವ ಜೇಡಗಳಲ್ಲಿ ಅತಿ ಸುಂದರವೆಂದು ಹೆಸರಾದ, ನವಿಲಿನ ಕುತ್ತಿಗೆಯಂಥ ನೀಲಿಯ ಜೇಡಕ್ಕೆ ಅವರು ಇಟ್ಟ ಹೆಸರೇ ‘ಗುತ್ತಿ ಟರಾಂಟುಲಾ’.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಪ್ರಾಣಿಶಾಸ್ತ್ರಜ್ಞ ಆರ್. ಐ. ಪೊಕಾಕ್ 1899ರಲ್ಲಿ ಇದನ್ನು ವರ್ಣಿಸಿ ಪೊಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟ. ಆತನಿಗೆ ಸಿಕ್ಕ ಮಾದರಿ ಗುತ್ತಿಯ ರೈಲ್ವೆ ಮರದ ದಾಸ್ತಾನಿನಿಂದ ಹೋದದ್ದು. ಆದರೆ ಈ ಜೇಡ ಹಳೆಯ ಮರಗಳ ಪೊಟರೆಯಲ್ಲಿ ಬದುಕುವಂಥದು; ಗುತ್ತಿಯ ಸುತ್ತಲಿರುವುದೋ ಬೋಳು ಬಂಡೆ. ಆಮೇಲೆ ನೂರು ವರ್ಷ ಕಾಡಿನಲ್ಲಿ ಅದನ್ನು ಕಂಡವರ ದಾಖಲೆಯೇ ಇಲ್ಲ. 2001ರಲ್ಲಿ ಅದು ಮತ್ತೆ ಕಣ್ಣಿಗೆ ಬಿದ್ದದ್ದು ಗುತ್ತಿಯಿಂದ ಸುಮಾರು ನೂರು ಕಿಲೋಮೀಟರ್ ಆಚೆ, ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ನಲ್ಲಮಲ ಕಾಡಿನಲ್ಲಿ. ಅಂದರೆ ಲಂಡನ್ನಿಗೆ ಹೋದ ಆ ಮೊದಲ ಜೇಡ ಕಡಿದ ದಿಮ್ಮಿಯ ಪೊಟರೆಯಲ್ಲಿ ಕುಳಿತು, ಟಿಕೆಟ್ಟಿಲ್ಲದೆ ರೈಲಿನಲ್ಲಿ ಗುತ್ತಿಗೆ ಬಂದಿಳಿದಿರಬೇಕು ಎಂದು ತಿಳಿದವರು ಊಹಿಸುತ್ತಾರೆ. ಲೋಕಕ್ಕೆ ಅದರ ಪರಿಚಯವಾದದ್ದೇ ಒಂದು ಸರಕಿನ ರೂಪದಲ್ಲಿ ಎನ್ನಬಹುದು. ಇಂದಿಗೂ ಅದು ಸರಕಾಗಿಯೇ ಉಳಿದಿದೆ ಎಂಬುದು ಈ ಬರಹದ ವಿಷಯ.

ಟರಾಂಟುಲಾ ಎಂಬ ಹೆಸರು ಇಟಲಿಯ ತಾರಾಂತೊ ಪಟ್ಟಣದಿಂದ ಬಂದದ್ದು. ಅಲ್ಲಿಯ ಹೊಲಗಳ ಒಂದು ಜೇಡ ಕಚ್ಚಿದರೆ ದಣಿದು ಬೀಳುವವರೆಗೆ ಕುಣಿಯಬೇಕು ಎಂದು ಜನ ನಂಬಿದ್ದರು. ಆ ಜೇಡ ಬೇರೆಯೇ ಜಾತಿಯದು. ಹೆಸರು ಮಾತ್ರ ಮುಂದೆ ಅಂಗೈಯಗಲದ, ಮೈತುಂಬ ರೋಮವಿರುವ ದೊಡ್ಡ ಜೇಡಗಳಿಗೆ ಅಂಟಿಕೊಂಡಿತು. ನಮ್ಮ ಭಾಷೆ ಇಂಥ ತಪ್ಪು ಮಾಡಲಿಲ್ಲ. ಕನ್ನಡದಲ್ಲಿ ಜೇಡ ಎಂದರೆ ಹುಳವೂ ಹೌದು, ನೇಕಾರನೂ ಹೌದು. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಈ ಎರಡನೆಯ ಜೇಡ. ಗುತ್ತಿಯಿಂದ ಅದೇ ರೈಲುದಾರಿಯಲ್ಲಿ ಮುಂದೆ ರೇಣಿಗುಂಟದ ಬಳಿ ಶ್ರೀಕಾಳಹಸ್ತಿ ಇದೆ. ಆ ಹೆಸರಿನ ‘ಶ್ರೀ’ ಶಿವನನ್ನು ಪೂಜಿಸಿದ ಜೇಡ ಎಂದು ಸ್ಥಳಪುರಾಣ ಹೇಳುತ್ತದೆ. ಜೇಡವನ್ನು ಭಕ್ತರ ಸಾಲಿನಲ್ಲಿ ಕೂಡಿಸಿದ ನಾಡು ನಮ್ಮದು. ಅದನ್ನು ಡಬ್ಬಿಯಲ್ಲಿ ಹಾಕಿ ಅಂಚೆಗೆ ಕೊಡುವ ಪದ್ಧತಿ ಮಾತ್ರ ಹೊಸದು.

ಜೀವಂತ ಜೇಡವನ್ನು ಅಂಚೆಯಲ್ಲಿ ಕಳಿಸಲು ಸಾಧ್ಯವೇ ಎಂದರೆ, ದುರದೃಷ್ಟವಶಾತ್ ಸಾಧ್ಯ. ನಾಯಿ, ಬೆಕ್ಕು, ಗಿಳಿಗಳಂತೆ ಅದಕ್ಕೆ ದಿನವೂ ಅನ್ನನೀರು ಬೇಕಾಗಿಲ್ಲ. ಬೆಳೆದ ಟರಾಂಟುಲಾ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಸದ್ದಿಲ್ಲ, ವಾಸನೆಯಿಲ್ಲ. ಒದ್ದೆ ಮಾಡಿದ ಮೆತ್ತನೆಯ ಕಾಗದ, ಗಾಳಿಗೆ ನಾಲ್ಕು ತೂತು, ಒಂದು ಪ್ಲಾಸ್ಟಿಕ್ ಡಬ್ಬಿ. ಮರಿಗಳಾದರೆ ಔಷಧದ ಸೀಸೆಯಷ್ಟು ಚಿಕ್ಕ ನಳಿಕೆ ಸಾಕು. ವ್ಯಾಪಾರಿಗೆ ಇಷ್ಟೇ ಖರ್ಚು. ಜೇಡದ ಪಾಲಿನ ಖರ್ಚು ಎಷ್ಟೆಂದು ತಿಳಿಯಬೇಕಾದರೆ ಅದರ ಮೈ ಹೇಗಿದೆ ಎಂದು ನೋಡಬೇಕು.

ಸತ್ತ ಜೇಡದ ಕಾಲುಗಳು ಒಳಕ್ಕೆ ಮುದುರಿಕೊಂಡಿರುವುದನ್ನು ಎಲ್ಲರೂ ಕಂಡಿದ್ದೇವೆ. ಜೇಡಕ್ಕೆ ಕಾಲು ಮಡಚಲು ಸ್ನಾಯುಗಳಿವೆ. ಚಾಚಲು ಮಾತ್ರ ಮುಖ್ಯ ಕೀಲುಗಳಲ್ಲಿ ಸ್ನಾಯುವಿಲ್ಲ. ಮೈಯ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿ ಅದನ್ನು ಚಾಚಬೇಕು. ಜೆಸಿಬಿ ಯಂತ್ರದ ತೋಳು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವ ಹಾಗೆ. ಆದ್ದರಿಂದ ಮೈಯ ನೀರು ಆರಿದರೆ ಜೇಡಕ್ಕೆ ಹೆಜ್ಜೆ ಇಡಲೂ ಆಗುವುದಿಲ್ಲ. ಹಿಂದಿನ ಹೊಟ್ಟೆಯೋ, ತೆಳುಚರ್ಮದ ನೀರಿನ ಚೀಲದಂಥದು. ಮೊಳಕಾಲೆತ್ತರದಿಂದ ಬಿದ್ದರೂ ಅದು ಒಡೆಯಬಹುದು. ಒಡೆದರೆ ದ್ರವವೆಲ್ಲ ಸೋರಿ ಸಾವು. ಪಾರ್ಸೆಲ್ಲುಗಳನ್ನು ನಮ್ಮ ಕಡೆ ಇಳಿಸುವ, ಎಸೆಯುವ ರೀತಿ ಓದುಗರಿಗೆ ಗೊತ್ತಿದೆ.

ಇನ್ನು ಬಿಸಿಲು. ಜೇಡ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು, ಸುತ್ತಲಿನ ಶಾಖವೇ ಅದರ ಶಾಖ. ಕಾಡಿನಲ್ಲಿ ಬಿಸಿಲೇರಿದರೆ ಪೊಟರೆಯ ಆಳಕ್ಕೆ ಸರಿಯುತ್ತದೆ; ಡಬ್ಬಿಯಲ್ಲಿ ಸರಿಯಲು ಎಲ್ಲಿದೆ ಜಾಗ? ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನಲ್ಲೇ 42 ಡಿಗ್ರಿ ಏರುವುದು ನಮಗೆ ಸುದ್ದಿಯೇ ಅಲ್ಲ. ತಗಡಿನ ವ್ಯಾನಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಯುರೋಪಿನ ಚಳಿಗಾಲದಲ್ಲಿ ಕಷ್ಟ ಇದರ ತಿರುವುಮುರುವು. ಅಲ್ಲಿಯ ವ್ಯಾಪಾರಿಗಳು ಪೆಟ್ಟಿಗೆಯಲ್ಲಿ ಬಿಸಿಪೊಟ್ಟಣ ಇಡುತ್ತಾರೆ. ಅದು ತೀರ ಹತ್ತಿರವಾದರೆ ಚಳಿಯಿಂದ ಉಳಿದ ಜೇಡ ಶಾಖದಿಂದ ಸಾಯುತ್ತದೆ. ನೀರು ಹೆಚ್ಚಾಗಿ ಕಾಗದ ತೊಯ್ದು ಮುದ್ದೆಯಾದರೂ ಅಪಾಯ ತಪ್ಪಿದ್ದಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಪೊರೆ ಕಳಚುವ ವೇಳೆಯಲ್ಲಿ ಕಳಿಸುವುದು. ಬೆಳೆಯುವ ಜೇಡ ಆಗಾಗ ತನ್ನ ಹಳೆಯ ಕವಚವನ್ನು ಬಿಡಬೇಕು. ಆಗ ಬೆನ್ನ ಮೇಲೆ ಮಲಗಿ, ಎಂಟೂ ಕಾಲುಗಳನ್ನು ಹಳೆಯ ಚರ್ಮದಿಂದ ಕೈಗವಸು ಎಳೆದಂತೆ ಎಳೆದುಕೊಳ್ಳುತ್ತದೆ. ಹೊಸ ಮೈ ಗಟ್ಟಿಯಾಗುವವರೆಗೆ ಸಣ್ಣ ಕುಲುಕಾಟವೂ ಕಾಲು ಮುರಿಯುತ್ತದೆ. ಪೆಟ್ಟಿಗೆ ತೆರೆದವನು ಜೇಡ ಮೇಲುಮಗುಚಿ ಬಿದ್ದಿರುವುದನ್ನು ಕಂಡು ಸತ್ತಿತೆಂದು ಎಸೆಯುವುದೂ ಉಂಟು. ಸತ್ತ ಜೇಡ ಸಾಮಾನ್ಯವಾಗಿ ಕಾಲು ಮುದುರಿ ಕುಳಿತಂತಿರುತ್ತದೆ. ಅಂಗಾತ ಮಲಗಿದ್ದರೆ ಅದು ಪೊರೆ ಬಿಡುತ್ತಿರುವ ಸಂಭವವೇ ಹೆಚ್ಚು.

ಜೀವವನ್ನು ಹುಷಾರಾಗಿ ಸಾಗಿಸುವುದು ಕನ್ನಡಿಗರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ರಾಮನಗರ, ಕೋಲಾರಗಳ ಕಡೆ ರೇಷ್ಮೆ ಮೊಟ್ಟೆಯನ್ನೂ ಚಾಕಿ ಹುಳುವನ್ನೂ ಸಾಗಿಸುವವರು ಬೆಳಗಿನ ಅಥವಾ ಸಂಜೆಯ ತಂಪುಹೊತ್ತನ್ನೇ ಹಿಡಿಯುತ್ತಾರೆ. ಜಗತ್ತಿನ ಅಂಚೆಯೂ ರೇಷ್ಮೆ ಹುಳುವಿಗೆ ವಿಶೇಷ ಗೌರವ ಕೊಟ್ಟಿದೆ. 1874ರಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ಒಪ್ಪಂದದಲ್ಲಿ ಜೀವಂತ ಪ್ರಾಣಿಗಳನ್ನು ಕಳಿಸಬಾರದೆಂದು ನಿಷೇಧಿಸಿ, ಜೇನುಹುಳ, ಜಿಗಣೆ, ರೇಷ್ಮೆ ಹುಳುಗಳಂಥ ಕೆಲವನ್ನು ಮಾತ್ರ ಬಿಟ್ಟಿದ್ದಾರೆ. ಜಿಗಣೆಗೆ ಸಿಕ್ಕ ರಿಯಾಯಿತಿ ಜೇಡಕ್ಕೆ ಸಿಕ್ಕಿಲ್ಲ. ನಮ್ಮ 1898ರ ಅಂಚೆ ಕಾಯ್ದೆಯೂ ಅಂಚೆಯ ನೌಕರರಿಗೋ ಇತರರ ಟಪಾಲಿಗೋ ಹಾನಿ ಮಾಡಬಹುದಾದ ಜೀವಿಯನ್ನು ಕಳಿಸಬಾರದೆಂದು ಹೇಳುತ್ತಿತ್ತು. ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು, 2024ರ ಜೂನ್ ತಿಂಗಳಿಂದ ಜಾರಿಯಲ್ಲಿದೆ.

ನೌಕರರ ಮಾತು ಬಂದದ್ದರಿಂದ ವಿಷದ ವಿಚಾರ. ಮೆಕ್ಸಿಕೊ ಕಡೆಯ ಟರಾಂಟುಲಾಗಳ ಹೊಟ್ಟೆಯ ಮೇಲೆ ನಸಗುನ್ನಿಯಂಥ ರೋಮಗಳಿವೆ. ಹೆದರಿದಾಗ ಕಾಲಿನಿಂದ ಅವನ್ನು ಉದುರಿಸಿ ತೂರುತ್ತವೆ. ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ. ನಮ್ಮ ದೇಶದವುಗಳಿಗೆ ಈ ರೋಮವಿಲ್ಲ, ಅದರ ಬದಲು ಕಡಿತ ಜೋರು. ಗುತ್ತಿಯ ಜೇಡದ ಕುಲದವು ಕಚ್ಚಿದರೆ ಉರಿಯ ಜತೆಗೆ ಸ್ನಾಯು ಹಿಡಿತ ದಿನಗಟ್ಟಲೆ ಕಾಡುತ್ತದೆ. ಸಾವು ಸಂಭವಿಸಿದ ಖಚಿತ ದಾಖಲೆಯಿಲ್ಲ. ಆದರೂ, ಒಳಗೇನಿದೆ ಎಂದು ಅರಿಯದೆ ಒಡೆದ ಪೆಟ್ಟಿಗೆಗೆ ಕೈಹಾಕುವ ಟಪಾಲು ವಿಂಗಡಿಸುವವನಿಗೆ ಇಷ್ಟು ಸಮಾಧಾನ ಸಾಲದು.

ಅಂಥ ಒಂದು ಪೆಟ್ಟಿಗೆ 2021ರ ಜುಲೈ ತಿಂಗಳಲ್ಲಿ ಚೆನ್ನೈಯಲ್ಲಿ ಸಿಕ್ಕಿತು. ಪೋಲೆಂಡಿನಿಂದ ಅಂಚೆಯಲ್ಲಿ ಬಂದದ್ದು, ತಮಿಳುನಾಡಿನ ಒಳನಾಡಿನ ವಿಳಾಸಕ್ಕೆ. ಸುಂಕದ ಅಧಿಕಾರಿಗಳು ತೆರೆದಾಗ ಥರ್ಮಾಕೋಲಿನ ನಡುವೆ ಬೆಳ್ಳಿಬಣ್ಣದ ಹಾಳೆ ಮತ್ತು ಹತ್ತಿ ಸುತ್ತಿದ 107 ಪುಟ್ಟ ಸೀಸೆಗಳು; ಒಂದೊಂದರಲ್ಲೂ ಒಂದು ಜೀವಂತ ಜೇಡ. ಪ್ರಾಣಿ ಸಮೀಕ್ಷೆಯ ವಿಜ್ಞಾನಿಗಳು ಬಂದು ನೋಡಿ, ಇವು ಅಮೆರಿಕ ಖಂಡದ ಟರಾಂಟುಲಾಗಳು ಎಂದರು. ಆಮದಿಗೆ ಬೇಕಾದ ಪರವಾನಗಿಯಿಲ್ಲ, ಆರೋಗ್ಯದ ಕಾಗದಗಳೂ ಇಲ್ಲ. ಪೆಟ್ಟಿಗೆಯನ್ನು ಬಂದ ದೇಶಕ್ಕೇ ಹಿಂದಿರುಗಿಸಬೇಕೆಂದು ತೀರ್ಮಾನವಾಗಿ ಅಂಚೆಯವರ ಕೈಗೆ ಒಪ್ಪಿಸಲಾಯಿತು. ಪೋಲೆಂಡಿನಿಂದ ಭಾರತಕ್ಕೆ ಬರುವಷ್ಟು ದಿನ ಉಸಿರು ಹಿಡಿದಿದ್ದ ಮರಿಗಳಿಗೆ ಮತ್ತೊಮ್ಮೆ ಅಷ್ಟೇ ದೂರದ ಪ್ರಯಾಣ! ಕಾನೂನಿನ ದೃಷ್ಟಿಯಿಂದ ಆ ತೀರ್ಮಾನದಲ್ಲಿ ತಪ್ಪಿಲ್ಲ. ಪರದೇಶದ ಜೀವಿಯೊಂದಿಗೆ ಯಾವ ರೋಗ, ಯಾವ ನುಸಿ ಬಂದೀತೋ ಹೇಳಲಾಗದು. ಅಮೆರಿಕದ ಫ್ಲಾರಿಡಾದಲ್ಲಿ ಮೆಕ್ಸಿಕೊದ ಟರಾಂಟುಲಾ ಒಂದು ನೆಲೆಯೂರಿ ಸಂಸಾರ ಹೂಡಿದ್ದೂ ಇದೆ. ಆದರೆ 107 ಜೇಡಗಳ ಪಾಲಿಗೆ ತಪ್ಪು ಮಾಡಿದವರು ಯಾರು, ಶಿಕ್ಷೆ ಯಾರಿಗೆ ಎಂದು ಕೇಳಬೇಕೆನಿಸುತ್ತದೆ. ಇದು ಒಂಟಿ ಪ್ರಕರಣವೂ ಅಲ್ಲ. 2019ರಲ್ಲಿ ಇದೇ ಪೋಲೆಂಡಿನಿಂದ ಮನಿಲಾಕ್ಕೆ ಬಂದ ಬಿಸ್ಕತ್ತು, ಓಟ್ಸ್ ಡಬ್ಬಿಗಳಲ್ಲಿ 757 ಟರಾಂಟುಲಾಗಳಿದ್ದವು.

ಪ್ರಯಾಣದಲ್ಲಿ ಎಲ್ಲ ಪ್ರಾಣಿಗಳೂ ಒಂದೇ ರೀತಿ ಸಾಯುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 72 ಹಾವುಗಳೂ ಆರು ಮಂಗಗಳೂ ಸಿಕ್ಕವು. ಹಾವುಗಳು ಬದುಕಿದ್ದವು, ಮಂಗಗಳು ಆರಕ್ಕೆ ಆರೂ ಸತ್ತಿದ್ದವು. ಹಾವಿನಂತೆ ಜೇಡವೂ ನಿಧಾನವಾಗಿ ಬದುಕುವ ಪ್ರಾಣಿ. ಅದರ ಸಾವೂ ನಿಧಾನ. ಅದು ನರಳುವುದು ಯಾರ ಕಿವಿಗೂ ಬೀಳದು. ವಿದೇಶದ ವ್ಯಾಪಾರಿಗಳು ‘ಜೀವಂತ ತಲುಪುವ ಖಾತರಿ’ ಕೊಡುತ್ತಾರೆ. ಅದರ ಅರ್ಥ ಜೇಡ ಸಾಯುವುದಿಲ್ಲ ಎಂದಲ್ಲ, ಸತ್ತರೆ ಇನ್ನೊಂದನ್ನು ಕಳಿಸುತ್ತೇವೆ ಎಂದು.

ಈಗ ಗುತ್ತಿಯ ನೀಲಿ ಜೇಡಕ್ಕೆ ಮರಳೋಣ. 2008ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಅಂಚಿನ ಅತಿ ಗಂಭೀರ ವರ್ಗದಲ್ಲಿ ಸೇರಿಸಿತು. ತಿಳಿದಿದ್ದ ನೆಲೆ ಒಂದೇ ಕಾಡು, ನೂರು ಚದರ ಕಿಲೋಮೀಟರಿಗಿಂತ ಕಡಿಮೆ. ಅದರಲ್ಲೂ ಸೌದೆಗೆ ಮರ ಕಡಿಯುವ ಕಾಟ. ಹೆಣ್ಣು ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಗಂಡು ಎರಡು ಮೂರು ವರ್ಷದಲ್ಲೇ ತೀರಿಹೋಗುತ್ತದೆ. ಹೀಗಾಗಿ ಒಂದು ಪೊಟರೆಯಿಂದ ಒಂದು ಹೆಣ್ಣನ್ನು ಒಯ್ದರೆ ಮುಂದಿನ ಹತ್ತು ವರ್ಷದ ಸಂತಾನವನ್ನು ಒಯ್ದಂತೆ. ಇಂದು ಹೊರದೇಶಗಳಲ್ಲಿ ಮಾರಾಟವಾಗುವ ನೀಲಿ ಜೇಡಗಳಲ್ಲಿ ಹೆಚ್ಚಿನವು ಅಲ್ಲೇ ಡಬ್ಬಿಗಳಲ್ಲಿ ಹುಟ್ಟಿದವು, ಆದ್ದರಿಂದ ಕಾಡಿನ ಮೇಲೆ ಹೊರೆ ಇಳಿದಿದೆ ಎಂದು ಸಾಕುವವರು ವಾದಿಸುತ್ತಾರೆ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಕಾಡುಪ್ರಾಣಿಗಳ ವ್ಯಾಪಾರಿ ರಫ್ತಿಗೆ ಅವಕಾಶವೇ ಇಲ್ಲದ ನಮ್ಮ ದೇಶದಿಂದ ಅವುಗಳ ಮೂಲ ದಂಪತಿ ಹೋದದ್ದು ಹೇಗೆ?

ಕಾನೂನು ಇಲ್ಲಿ ತಡವಾಗಿ ಬಂತು. 1972ರ ವನ್ಯಜೀವಿ ಕಾಯ್ದೆಯ ಹಳೆಯ ಪಟ್ಟಿಗಳು ಹುಲಿ, ಆನೆ, ನವಿಲುಗಳನ್ನು ನೆನೆದವು, ಈ ಜೇಡವನ್ನು ನೆನೆಯಲಿಲ್ಲ. 2019ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಪೊಸಿಲೊಥೀರಿಯಾ ಕುಲವನ್ನೇ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿದವು. 1895ರಲ್ಲಿ ಇದೇ ಪೊಕಾಕ್ ಹೆಸರಿಸಿದ, ನಮ್ಮ ಮೈಸೂರು ಸೀಮೆಯ ಪೊಸಿಲೊಥೀರಿಯಾ ಸ್ಟ್ರಿಯಾಟಾ ಕೂಡ ಆಗ ಅದರೊಳಗೆ ಬಂತು. ಅಲ್ಲಿಂದ ಮುಂದೆ ಗಡಿ ದಾಟಿಸಲು ಸರ್ಕಾರಿ ಕಾಗದ ಬೇಕು. ನಮ್ಮ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು ತಿಳಿಸಿ ನೋಂದಾಯಿಸಬೇಕು ಎಂದು ವಿಧಿಸಿತು. ಅದರ ನಿಯಮಗಳು 2024ರಲ್ಲಿ ಬಂದವು. ಮರಿ ಹುಟ್ಟಿದರೂ, ಕೈ ಬದಲಾದರೂ ತಿಳಿಸಬೇಕು. ಹಾಗೆಂದು ಉತ್ತರ ಕನ್ನಡದಲ್ಲಿ ರಸ್ತೆಬದಿಯ ಮಣ್ಣಿನ ದಂಡೆಗಳಲ್ಲಿ ಬಿಲ ತೋಡುವ ತ್ರಿಗ್ಮೊಪಿಯಸ್ ಎಂಬ ಟರಾಂಟುಲಾ ಈ ಕುಲಕ್ಕೆ ಸೇರದು. 2019ರ ತೀರ್ಮಾನದಲ್ಲಿ ಅದರ ಹೆಸರಿಲ್ಲ.

ಇಷ್ಟು ಓದಿದ ಅತನೂರಿನ ಓದುಗರೊಬ್ಬರಿಗೆ ಮಳೆಗಾಲದ ರಾತ್ರಿ ಗೋಡೆಯ ಮೇಲೆ ಅಂಗೈಯಗಲದ ಕಂದು ಜೇಡ ಕಂಡರೆ ಎದೆ ಧಸಕ್ಕೆನ್ನಬಹುದು. ಮೈ ಚಪ್ಪಟೆಯಾಗಿದ್ದು, ಕಾಲುಗಳನ್ನು ಏಡಿಯಂತೆ ಪಕ್ಕಕ್ಕೆ ಚಾಚಿಕೊಂಡಿದ್ದರೆ ಅದು ಟರಾಂಟುಲಾ ಅಲ್ಲ, ಮನೆಗಳಲ್ಲಿ ಜಿರಲೆ ಹಿಡಿದು ತಿನ್ನುವ ಬೇಟೆಜೇಡ. ಹಡಗಿನ ಸರಕಿನೊಂದಿಗೆ, ಬಾಳೆಗೊನೆಗಳ ಸಂದಿಯಲ್ಲಿ ಇದೂ ಉಷ್ಣದೇಶಗಳನ್ನೆಲ್ಲ ಸುತ್ತಿ ಬಂದಿದೆ, ಯಾರೂ ಕಳಿಸದೆ, ಯಾರೂ ತರಿಸದೆ. ಹೆಣ್ಣಾದರೆ ಎದೆಯ ಕೆಳಗೆ ನಾಣ್ಯದಂಥ ಬಿಳಿಯ ಮೊಟ್ಟೆಚೀಲವನ್ನು ಹೊತ್ತುಕೊಂಡಿರುತ್ತದೆ. ಪೊರಕೆ ಎತ್ತಿದರೆ ಅದನ್ನು ಬಿಡದೆಯೇ ಓಡುತ್ತದೆ.