ಕಯಾಕ್ ದೋಣಿಯ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಕಯಾಕ್ ದೋಣಿಯನ್ನು ಖರೀದಿಸಲು ಅಥವಾ ಬಾಡಿಗೆಗೆ ಪಡೆಯಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟನ್ನು ಬಳಸಿ, ಕುಳಿತು ನಡೆಸುವ ಕಿರಿದಾದ ದೋಣಿಯೇ ಕಯಾಕ್. ಮೊದಲು ನೀರನ್ನು, ನಂತರ ದೋಣಿಯನ್ನು ನಿರ್ಧರಿಸತಕ್ಕದ್ದು.

1. ನೀರಿನ ಸ್ವರೂಪ

ಅ) ಕೆರೆ ಮತ್ತು ಹಿನ್ನೀರು: ಸುಮಾರು 3 ಮೀಟರ್ ಉದ್ದದ ಅಗಲವಾದ ದೋಣಿಯ ವೇಗ ಕಡಿಮೆ, ಆದರೆ ಅದು ಸುಲಭವಾಗಿ ವಾಲುವುದಿಲ್ಲ. ಹೊಸಬರಿಗೆ ಇದು ಸೂಕ್ತ.

ಆ) ಅಳಿವೆ ಮತ್ತು ಕಾಂಡ್ಲಾ ವನ: ಹೊನ್ನಾವರದ ಶರಾವತಿ ಅಳಿವೆಯಂತಹ ಕಡೆ ಮೇಲ್ಭಾಗ ತೆರೆದಿರುವ ದೋಣಿ ಅನುಕೂಲಕರ. ಒಳಬಂದ ನೀರು ರಂಧ್ರಗಳ ಮೂಲಕ ಹೊರಹೋಗುತ್ತದೆ; ಮಗುಚಿದರೆ ಮತ್ತೆ ಏರುವುದು ಸುಲಭ. ಇಳಿತದ ವೇಳೆ ನೀರು ಸಮುದ್ರದ ಕಡೆಗೆ ಸೆಳೆಯುವುದರಿಂದ ಉಬ್ಬರ-ಇಳಿತದ ಸಮಯವನ್ನು ಮೊದಲೇ ತಿಳಿದಿರಬೇಕು.

ಇ) ರಭಸದ ನದಿ: ಬಂಡೆಗಳ ನಡುವೆ ಬೇಗನೆ ತಿರುಗುವ, ಗಟ್ಟಿ ಪ್ಲಾಸ್ಟಿಕ್‌ನ ಗಿಡ್ಡ ದೋಣಿ ಬೇಕು. ತರಬೇತಿ ಇಲ್ಲದವರು ಇಳಿಯಬಾರದು. ಗಣೇಶಗುಡಿ ಬಳಿ ಕಾಳಿ ನದಿಯ ಹರಿವು ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿರುತ್ತದೆ ಎಂಬುದನ್ನು ಗಮನಿಸುವುದು.

ಈ) ದೂರ ಪ್ರಯಾಣ: 4ರಿಂದ 5 ಮೀಟರ್ ಉದ್ದದ ಕಿರಿದಾದ ದೋಣಿ ನೇರವಾಗಿ, ವೇಗವಾಗಿ ಸಾಗುತ್ತದೆ. ಆದರೆ ಅಭ್ಯಾಸವಿಲ್ಲದವರಿಗೆ ಬೇಗ ವಾಲುತ್ತದೆ.

2. ತೂಕದ ಲೆಕ್ಕ

ದೋಣಿಯ ಮೇಲೆ ನಮೂದಿಸಿದ ಗರಿಷ್ಠ ಮಿತಿಯ ಸುಮಾರು ಶೇ. 70ರೊಳಗೆ ಒಟ್ಟು ಭಾರ ಇರುವುದು ಕ್ಷೇಮ. ಉದಾಹರಣೆಗೆ, ವ್ಯಕ್ತಿಯ ತೂಕ 80 ಕೆ.ಜಿ., ಸಾಮಗ್ರಿ 10 ಕೆ.ಜಿ. ಇದ್ದಲ್ಲಿ ಸುಮಾರು 130 ಕೆ.ಜಿ. ಮಿತಿಯ ದೋಣಿಯನ್ನು ಆರಿಸಬೇಕು. ಒಬ್ಬರು ಕೂರುವ ಪ್ಲಾಸ್ಟಿಕ್ ದೋಣಿಯೇ 20 ಕೆ.ಜಿ.ಗೂ ಹೆಚ್ಚು ತೂಗಬಹುದಾದ್ದರಿಂದ, ದಡದವರೆಗೆ ಹೊರುವವರು ಯಾರೆಂಬುದನ್ನೂ ಯೋಚಿಸುವುದು.

3. ಖರೀದಿಗೆ ಮುನ್ನ

ಮೊದಲು ಬಾಡಿಗೆಗೆ ಪಡೆದು, ತರಬೇತುದಾರರ ಸಮ್ಮುಖದಲ್ಲಿ, ಎದೆಮಟ್ಟದ ನಿಂತ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿ ನೋಡುವುದು. ಹೊರಬಂದು ಮತ್ತೆ ಏರಲಾಗದಿದ್ದಲ್ಲಿ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ದೋಣಿಯು ತಮಗೆ ತಕ್ಕುದಲ್ಲ.

ಹುಟ್ಟು, ಲೈಫ್ ಜಾಕೆಟ್ ಹಾಗೂ ಸಾಗಣೆಯ ವೆಚ್ಚವನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು. ಹಣ ಸಾಲದಿದ್ದಲ್ಲಿ ಅಗ್ಗದ ದೋಣಿಯನ್ನು ಆರಿಸಬಹುದು. ಲೈಫ್ ಜಾಕೆಟ್ ಅನ್ನು ಮಾತ್ರ ಕೈಬಿಡುವಂತಿಲ್ಲ. ಈಜು ಬಲ್ಲವರೂ ಅದನ್ನು ಧರಿಸಿಯೇ ನೀರಿಗಿಳಿಯಬೇಕು.

4. ಅನುಮತಿ

ದೋಣಿಯನ್ನು ಕೊಂಡ ಮಾತ್ರಕ್ಕೆ ಅನುಮತಿ ದೊರೆತಂತಾಗುವುದಿಲ್ಲ. ಜಲಾಶಯ ಹಾಗೂ ಅರಣ್ಯ ಪ್ರದೇಶದ ನೀರಿಗೆ ಇಳಿಯುವ ಮುನ್ನ ಸಂಬಂಧಪಟ್ಟ ಇಲಾಖೆಯಲ್ಲಿ ವಿಚಾರಿಸತಕ್ಕದ್ದು. ಮಳೆಗಾಲದಲ್ಲಿ ಹರಿವು ಹಠಾತ್ತನೆ ಏರುವುದರಿಂದ ನದಿ ಮತ್ತು ಅಳಿವೆಗಳಿಂದ ದೂರವಿದ್ದು ಸಹಕರಿಸಲು ಕೋರಲಾಗಿದೆ.