ಶೂನ್ಯತೆಯೂ ಸ್ವಯಂಸಿದ್ಧನಾದ ದೇವರೂ: ಟಿಬೆಟ್ಟಿನಲ್ಲಿ ಇಪ್ಪೊಲಿತೊ ದೆಸಿದೇರಿಯ ಮತವಿಚಾರ

ಎರಡು ಮತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡತಕ್ಕವರು ಸಾಮಾನ್ಯವಾಗಿ ಎರಡು ದೋಷಗಳಲ್ಲಿ ಯಾವುದಾದರೊಂದಕ್ಕೆ ಗುರಿಯಾಗುವರು. ಮೇಲ್ನೋಟಕ್ಕೆ ತೋರುವ ಸಾಮ್ಯಗಳನ್ನು ಕಂಡು, ಹೆಸರು ಬೇರೆಯಾದರೂ ವಸ್ತುವು ಒಂದೇ ಎಂದು ತೀರ್ಮಾನಿಸುವುದು ಮೊದಲನೆಯ ದೋಷ. ಪರಮತದ ಗ್ರಂಥಗಳನ್ನು ತೆರೆದು ನೋಡದೆಯೇ ಅದನ್ನು ನಾಸ್ತಿಕವೆಂದೋ ಅಜ್ಞಾನವೆಂದೋ ತಳ್ಳಿಬಿಡುವುದು ಎರಡನೆಯ ದೋಷ. ಬೌದ್ಧ ಮತ್ತು ಕ್ರೈಸ್ತ ಮತಗಳ ವಿಷಯದಲ್ಲಿ ಇವೆರಡೂ ಹೇರಳವಾಗಿ ಕಂಡುಬರುತ್ತವೆ. ದಯೆ, ಅಪರಿಗ್ರಹ, ಇಂದ್ರಿಯನಿಗ್ರಹ, ದ್ವೇಷವನ್ನು ಪ್ರೀತಿಯಿಂದಲೇ ಗೆಲ್ಲಬೇಕೆಂಬ ಉಪದೇಶ, ಮನೆಮಾರುಗಳನ್ನು ತೊರೆದವರ ಸಂಘ, ಇವೆಲ್ಲವೂ ಎರಡು ಮತಗಳಲ್ಲಿಯೂ ಇವೆ. ಹಾಗಾದರೆ ಇವು ಎಲ್ಲಿಯವರೆಗೆ ಜೊತೆಯಾಗಿ ನಡೆದು, ಯಾವ ಎಡೆಯಲ್ಲಿ ಬೇರೆಯಾಗುತ್ತವೆ? ಈ ಪ್ರಶ್ನೆಗೆ ಕ್ರೈಸ್ತರ ಕಡೆಯಿಂದ, ಬೌದ್ಧರ ಗ್ರಂಥಗಳನ್ನು ಬೌದ್ಧರ ಭಾಷೆಯಲ್ಲಿಯೇ ಓದಿ ಉತ್ತರವನ್ನು ಹುಡುಕಿದವರಲ್ಲಿ ಇಟಲಿ ದೇಶದ ಇಪ್ಪೊಲಿತೊ ದೆಸಿದೇರಿಯು ಅಗ್ರಗಣ್ಯನು. ಈತನ ವಿಚಾರಸರಣಿಯನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ದೆಸಿದೇರಿಯ ಕಾರ್ಯದ ಬೆಲೆಯನ್ನು ಅರಿಯಬೇಕಾದರೆ ಆತನಿಗಿಂತ ಹಿಂದಿನ ಎರಡು ಪ್ರಯತ್ನಗಳನ್ನು ನೆನೆಯಬೇಕು. ಯೇಸುಸಭೆಯ ಫ್ರಾನ್ಸಿಸ್ ಕ್ಸೇವಿಯರನು 1549ರಲ್ಲಿ ಜಪಾನಿನ ಕಾಗೊಶಿಮಾವನ್ನು ಸೇರಿದಾಗ, ಸರ್ವೇಶ್ವರನಿಗೆ ಆ ದೇಶಭಾಷೆಯಲ್ಲಿ ಏನೆನ್ನಬೇಕೆಂಬ ತೊಡಕು ಒದಗಿತು. ತನ್ನ ಜಪಾನೀ ಸಂಗಡಿಗನ ಸೂಚನೆಯಂತೆ ಆತನು 'ದೈನಿಚಿ' ಎಂಬ ಪದವನ್ನು ಬಳಸಿದನು. ಈ ಪದವಾದರೋ ಶಿಂಗೊನ್ ಪಂಥದವರು ಆರಾಧಿಸುವ ಮಹಾವೈರೋಚನ ಬುದ್ಧನ ಹೆಸರು. ಈ ಪಾದ್ರಿಯು ಹೇಳುವುದು ತಮ್ಮ ತತ್ತ್ವವನ್ನೇ ಎಂದು ಆ ಪಂಥದ ಭಿಕ್ಷುಗಳು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. 1551ರಲ್ಲಿ ತಪ್ಪನ್ನು ಅರಿತ ಕ್ಸೇವಿಯರನು ಆ ಹೆಸರನ್ನು ಕೈಬಿಟ್ಟು, ಲ್ಯಾಟಿನ್ ಭಾಷೆಯ 'ದೇಉಸ್' ಎಂಬ ಶಬ್ದವನ್ನೇ ಉಪಯೋಗಿಸತೊಡಗಿದನು. ಎರಡನೆಯದು, ಅದೇ ಸಭೆಯ ಆಂತೋನಿಯೊ ದ ಅಂದ್ರಾದೆಯ ಪ್ರಯತ್ನ. 1624ರಲ್ಲಿ ಹಿಮಾಲಯವನ್ನು ದಾಟಿ ಪಶ್ಚಿಮ ಟಿಬೆಟ್ಟಿನ ತ್ಸಪರಾಂಗ್ ಪಟ್ಟಣವನ್ನು ಮುಟ್ಟಿದ ಈತನು, ಅಲ್ಲಿಯವರು ಬುದ್ಧ, ಧರ್ಮ, ಸಂಘಗಳೆಂಬ ತ್ರಿರತ್ನಗಳಿಗೆ ಸಲ್ಲಿಸುತ್ತಿದ್ದ ಭಕ್ತಿಯನ್ನು ಕಂಡು, ಇದು ಕ್ರೈಸ್ತರ ತ್ರೈಯೇಕ ದೇವರ ತತ್ತ್ವವೇ ಕಾಲಾಂತರದಲ್ಲಿ ಮಸುಕಾಗಿ ಉಳಿದದ್ದಿರಬೇಕೆಂದು ಊಹಿಸಿದನು. ಇಬ್ಬರಿಗೂ ಸಾಮ್ಯವು ಮೊದಲು ಕಂಡಿತು. ಅರ್ಥವು ಆಮೇಲೆ ತಿಳಿಯಬೇಕಾಗಿತ್ತು.

ದೆಸಿದೇರಿಯು 1684ರಲ್ಲಿ ಇಟಲಿಯ ಪಿಸ್ತೋಯಾ ಎಂಬ ಊರಿನಲ್ಲಿ ಹುಟ್ಟಿದನು. 1700ರಲ್ಲಿ ಯೇಸುಸಭೆಯನ್ನು ಸೇರಿದನು. 1712ರಲ್ಲಿ ರೋಮನ್ನು ಬಿಟ್ಟು, ಮರುವರ್ಷ ಗೋವೆಗೆ ಬಂದು, ಅಲ್ಲಿಂದ ದಿಲ್ಲಿ, ಕಾಶ್ಮೀರ, ಲಡಾಖುಗಳ ಮಾರ್ಗವಾಗಿ ಪ್ರಯಾಣಮಾಡಿ, 1716ನೆಯ ಮಾರ್ಚಿ 18ರಂದು ಲ್ಹಾಸಾ ನಗರವನ್ನು ಪ್ರವೇಶಿಸಿದನು. ಆಗ ಅಲ್ಲಿ ಆಳುತ್ತಿದ್ದವನು ಲ್ಹಜಾಂಗ್ ಖಾನನೆಂಬ ಮಂಗೋಲ ದೊರೆ. 1717ರ ಜನವರಿಯಲ್ಲಿ ದೆಸಿದೇರಿಯು ಟಿಬೆಟ್ ಭಾಷೆಯಲ್ಲಿ ತಾನು ಬರೆದ ಪುಸ್ತಕವೊಂದನ್ನು ದೊರೆಗೆ ಒಪ್ಪಿಸಿದನು. ದೊರೆಯು ಅದನ್ನು ಆದರದಿಂದ ಸ್ವೀಕರಿಸಿ, ಲಾಮಾಗಳೊಡನೆ ವಾದಕ್ಕೆ ನಿಲ್ಲುವ ಮುನ್ನ ಅವರ ಶಾಸ್ತ್ರಗಳನ್ನು ಚೆನ್ನಾಗಿ ಅಭ್ಯಾಸಮಾಡಬೇಕೆಂದು ಆಜ್ಞಾಪಿಸಿದನು. ಮತವಿಚಾರಕ್ಕೆ ಹೊರಟವರಿಗೆ ಇದಕ್ಕಿಂತ ಹಿತವಾದ ಮಾತನ್ನು ಯಾರೂ ಹೇಳಲಾರರು.

ಅದರಂತೆ ದೆಸಿದೇರಿಯು ಮೊದಲು ರಾಮೊಚೆ ವಿಹಾರದಲ್ಲಿಯೂ ಅನಂತರ ಸೆರಾ ಮಹಾವಿಹಾರದಲ್ಲಿಯೂ ವಿದ್ಯಾರ್ಥಿಯಾಗಿ ಸೇರಿದನು. 1419ರಲ್ಲಿ ಸ್ಥಾಪಿತವಾದ ಸೆರಾ ವಿಹಾರವು ಗೆಲುಗ್ ಪಂಥದ ಮೂರು ಮಹಾವಿದ್ಯಾಪೀಠಗಳಲ್ಲೊಂದು. ಭಿಕ್ಷುಗಳು ಅಂಗಳದಲ್ಲಿ ನೆರೆದು, ಕೈತಟ್ಟಿ ಪ್ರಶ್ನೆಯನ್ನೆಸೆದು, ತರ್ಕಬದ್ಧವಾಗಿ ವಾದಿಸುವ ಪದ್ಧತಿಗೆ ಹೆಸರಾದದ್ದು. ನೂರಕ್ಕೂ ಮಿಕ್ಕ ಸಂಪುಟಗಳುಳ್ಳ ಬುದ್ಧವಚನ ಸಂಗ್ರಹವಾದ ಕಂಜೂರನ್ನೂ, ಅದರ ಇಮ್ಮಡಿಯಷ್ಟಿರುವ ಶಾಸ್ತ್ರವ್ಯಾಖ್ಯಾನಗಳ ಸಂಗ್ರಹವಾದ ತಂಜೂರನ್ನೂ ಆತನು ಶೋಧಿಸತೊಡಗಿದನು. ಪಂಥದ ಮೂಲಪುರುಷನಾದ ತ್ಸೋಂಖಾಪನ (1357–1419) 'ಲಾಮ್‌ರಿಮ್ ಚೆನ್‌ಮೊ' ಎಂಬ ಮಹಾಗ್ರಂಥವು ಆತನಿಗೆ ಕೈದೀವಿಗೆಯಾಯಿತು. ಟಿಬೆಟ್ ಭಾಷೆಯಲ್ಲಿ 'ತೋಂಗ್‌ಪಾಞಿದ್' ಎಂದು ಕರೆಯಲ್ಪಡುವ ಶೂನ್ಯತಾವಾದವೇ ಈ ಮತದ ಹೃದಯವೆಂಬುದು ಆತನಿಗೆ ಬೇಗನೆ ಮನದಟ್ಟಾಯಿತು. ಆದರೆ ಅದರ ಅರ್ಥವು ಸುಲಭವಾಗಿ ಕೈಗೆ ಸಿಕ್ಕಲಿಲ್ಲ. ಪಂಡಿತರನ್ನು ಕೇಳಿ ತೃಪ್ತಿಹೊಂದದೆ, ಅದೇ ಪುಟಗಳನ್ನು ಮತ್ತೆ ಮತ್ತೆ ಓದಿ, ಕಡೆಗೆ ತಾನೇ ಅದನ್ನು ಭೇದಿಸಿದುದಾಗಿ ಆತನು ಬರೆದಿಟ್ಟಿದ್ದಾನೆ.

ಶೂನ್ಯತೆಯೆಂದರೆ ಏನೂ ಇಲ್ಲವೆಂದು ಅರ್ಥವಲ್ಲ. ಇದನ್ನು ಮೊದಲು ಸ್ಪಷ್ಟಪಡಿಸುವುದು ಅವಶ್ಯ. ನಾಗಾರ್ಜುನನ ಮಾಧ್ಯಮಿಕ ದರ್ಶನದ ಪ್ರಕಾರ, ಯಾವ ವಸ್ತುವೂ ತನ್ನಿಂದ ತಾನೇ ನಿಂತುದಲ್ಲ. ಗಡಿಗೆಯೊಂದನ್ನು ತೆಗೆದುಕೊಳ್ಳೋಣ. ಅದು ಮಣ್ಣನ್ನೂ ಕುಂಬಾರನನ್ನೂ ತಿಗರಿಯನ್ನೂ ಅವಲಂಬಿಸಿ ಹುಟ್ಟಿತು. ತನ್ನ ಕಂಠ, ಉದರ ಮೊದಲಾದ ಅಂಗಗಳನ್ನವಲಂಬಿಸಿ ನಿಂತಿದೆ. ಗಡಿಗೆಯೆಂದು ಕರೆಯುವ ನಮ್ಮ ಬುದ್ಧಿಯನ್ನವಲಂಬಿಸಿ ಗಡಿಗೆಯೆನಿಸಿದೆ. ಇವೆಲ್ಲವನ್ನೂ ಕಳೆದು, ಗಡಿಗೆಯ ಸ್ವಂತವಾದುದು ಯಾವುದೆಂದು ಹುಡುಕಿದರೆ ಏನೂ ದೊರೆಯದು. ಈ ಸ್ವಭಾವರಾಹಿತ್ಯವೇ ಶೂನ್ಯತೆ. ಕಾರಣಗಳನ್ನವಲಂಬಿಸಿ ತೋರುವಿಕೆಯೇ ಪ್ರತೀತ್ಯಸಮುತ್ಪಾದ. ಇವೆರಡೂ ಒಂದೇ ಸತ್ಯದ ಎರಡು ಮುಖಗಳು. ನಾನೆಂಬುದೂ ಹೀಗೆಯೇ ನಿಃಸ್ವಭಾವವೆಂದು ಅರಿತಾಗ ತೃಷ್ಣೆಯು ಅಳಿಯುವುದು. ತೃಷ್ಣೆಯು ಅಳಿದಾಗ ದುಃಖವು ನಿಲ್ಲುವುದು.

ಇಲ್ಲಿ ಕ್ರೈಸ್ತ ತತ್ತ್ವಜ್ಞನು ಏನು ಹೇಳಬೇಕು? ದೆಸಿದೇರಿಯ ಹಿರಿಮೆಯು ಈ ಎಡೆಯಲ್ಲಿಯೇ ವ್ಯಕ್ತವಾಗುತ್ತದೆ. ಸೃಷ್ಟಿಯಲ್ಲಿರುವ ಯಾವ ವಸ್ತುವೂ ತನ್ನಿಂದ ತಾನೇ ಇಲ್ಲವೆಂಬುದು ಕ್ರೈಸ್ತಸಿದ್ಧಾಂತವೂ ಅಹುದು. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸನು ಬೋಧಿಸಿದಂತೆ, ಜಗತ್ತಿನ ಸಕಲ ಪದಾರ್ಥಗಳೂ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲದಿರಬಹುದು. ಅವುಗಳ ಇರವು ಪರರಿಂದ ಬಂದದ್ದು. ಆದುದರಿಂದ ಮನುಷ್ಯ, ಪರ್ವತ, ನಕ್ಷತ್ರ, ದೇವದೂತ, ಇವೆಲ್ಲವೂ ಸ್ವತಂತ್ರಸತ್ತೆಯಿಲ್ಲದುವು ಎಂದು ಬೌದ್ಧನು ಹೇಳಿದರೆ, ಕ್ರೈಸ್ತನು ಅದನ್ನು ನಿರಾಕರಿಸಬೇಕಾದ ಕಾರಣವಿಲ್ಲ. ದೆಸಿದೇರಿಯು ಇಷ್ಟು ದೂರವನ್ನು ತನ್ನ ಪ್ರತಿವಾದಿಗಳ ಜೊತೆಯಲ್ಲಿಯೇ ನಡೆದು, ಕೊನೆಯ ಹೆಜ್ಜೆಯಲ್ಲಿ ಮಾತ್ರ ಬೇರೆಯಾದನು. ಎಲ್ಲವೂ ಪರಾವಲಂಬಿಯಾದರೆ ಆ ಅವಲಂಬನವು ಎಲ್ಲಿ ನಿಲ್ಲಬೇಕು? ಯಾವುದನ್ನೂ ಅವಲಂಬಿಸದೆ ತನ್ನಿಂದ ತಾನೇ ಇರುವ ಒಬ್ಬನು ಇದ್ದಾಗಲೇ ಉಳಿದವುಗಳ ಇರವು ಸಂಭವಿಸುವುದೆಂದೂ, ಆತನೇ ದೇವರೆಂದೂ ಆತನ ವಾದ.

ಬೌದ್ಧರ ಉತ್ತರವೂ ದುರ್ಬಲವಾದುದಲ್ಲ. ಒಂದಕ್ಕೆ ಮಾತ್ರ ವಿನಾಯಿತಿಯನ್ನು ಕೊಟ್ಟರೆ ನಿಯಮವೇ ಮುರಿಯುತ್ತದೆ. ಬದಲಾವಣೆಯಿಲ್ಲದ ನಿತ್ಯವಸ್ತುವು ಬದಲಾಗುವ ಕಾರ್ಯಗಳನ್ನು ಹುಟ್ಟಿಸಲಾರದು. ಸಂಸಾರವು ಅನಾದಿಯಾದ್ದರಿಂದ ಮೊದಲನೆಯ ಕಾರಣವನ್ನು ಹುಡುಕುವ ಅಗತ್ಯವೇ ಇಲ್ಲವೆಂದು ಅವರು ಹೇಳುವರು. ಕ್ರೈಸ್ತನಾದರೋ, ದೇವರನ್ನು ಸರಪಣಿಯ ಮೊದಲನೆಯ ಕೊಂಡಿಯೆಂದು ತಿಳಿಯತಕ್ಕದ್ದಲ್ಲವೆಂದೂ, ಸರಪಣಿಯು ಅನಾದಿಯಾಗಿದ್ದರೂ ಅದನ್ನು ಎತ್ತಿಹಿಡಿದಿರುವ ಆಧಾರವು ಬೇಕೆಂದೂ ಪ್ರತ್ಯುತ್ತರ ಕೊಡುವನು. ಅದು ಹೇಗೂ ಇರಲಿ. ಭೇದವು ಎಲ್ಲಿದೆಯೆಂಬುದು ಈಗ ಸ್ಪಷ್ಟವಾಯಿತು. ಅದು ಆಚಾರದಲ್ಲಿಲ್ಲ, ನೀತಿಯಲ್ಲಿಲ್ಲ; ಸ್ವಯಂಸಿದ್ಧವಾದುದು ಒಂದಾದರೂ ಉಂಟೇ ಎಂಬ ಒಂದೇ ಪ್ರಶ್ನೆಯಲ್ಲಿದೆ.

ದೇವರಿಗೆ ದೆಸಿದೇರಿಯು ಆರಿಸಿಕೊಂಡ ಹೆಸರಿನಲ್ಲಿಯೇ ಈ ವಿಚಾರವು ಅಡಗಿದೆ. ಟಿಬೆಟ್ಟಿನವರು ತ್ರಿರತ್ನಗಳಲ್ಲಿ ಒಂದೊಂದನ್ನೂ 'ಕೊಂಚೋಕ್' ಎನ್ನುವರು. ಈತನು ಆ ಪದಕ್ಕೆ 'ರಂಗ್‌ಡ್ರುಬ್', ಅಂದರೆ ಸ್ವಯಂಸಿದ್ಧ, ಎಂಬ ವಿಶೇಷಣವನ್ನು ಸೇರಿಸಿದನು. ಸೆರಾದ ಪಂಡಿತರು ಯಾವ ಗುಣವು ಯಾವ ವಸ್ತುವಿನಲ್ಲಿಯೂ ಇಲ್ಲವೆಂದು ಸಾಧಿಸುತ್ತಿದ್ದರೋ ಅದೇ ಗುಣವನ್ನು ಅವರದೇ ಪೂಜ್ಯಪದಕ್ಕೆ ಜೋಡಿಸಿದಂತಾಯಿತು. ಕ್ಸೇವಿಯರನ 'ದೈನಿಚಿ'ಯು ಭೇದವನ್ನು ಮರೆಸಿತು; ಈ ಹೆಸರು ಭೇದವನ್ನು ಎತ್ತಿ ತೋರಿಸಿತು.

ಈ ಮೂಲಭೇದದಿಂದ ಉಳಿದ ಭೇದಗಳು ಹೊರಡುತ್ತವೆ. ಬೌದ್ಧನ ಎಣಿಕೆಯಲ್ಲಿ ಜೀವನ ವ್ಯಾಧಿಗೆ ಮೂಲವು ಅವಿದ್ಯೆ. ಕ್ರೈಸ್ತನ ಎಣಿಕೆಯಲ್ಲಿ ಪಾಪ. ಅವಿದ್ಯೆಯು ವಸ್ತುಸ್ಥಿತಿಯನ್ನು ತಪ್ಪಾಗಿ ತಿಳಿಯುವುದು. ಪಾಪವು ಒಬ್ಬನಿಗೆ ವಿಮುಖನಾಗುವುದು. ಆದಕಾರಣ ಒಂದಕ್ಕೆ ಪ್ರಜ್ಞೆಯು ಔಷಧ, ಮತ್ತೊಂದಕ್ಕೆ ಕ್ಷಮೆ. ಪ್ರಜ್ಞೆಯನ್ನು ಸಾಧಕನು ತಾನೇ ಪಡೆಯಬೇಕು. ಕ್ಷಮೆಯನ್ನು ಯಾವನೂ ತನಗೆ ತಾನೇ ಕೊಟ್ಟುಕೊಳ್ಳಲಾರನು. ಕ್ರೈಸ್ತರು ಕೃಪೆಯನ್ನು ಕುರಿತು ಇಷ್ಟು ಒತ್ತಿ ಹೇಳುವುದರ ಕಾರಣವು ಇದೇ. ಇನ್ನು ಪುನರ್ಜನ್ಮದ ವಿಚಾರ. ಪ್ರತಿಯೊಂದು ಆತ್ಮವನ್ನೂ ದೇವರೇ ಹೊಸದಾಗಿ ಸೃಷ್ಟಿಸುವನೆಂದು ನಂಬುವ ಕ್ರೈಸ್ತಮತದಲ್ಲಿ ಹಿಂದಿನ ಜನ್ಮಗಳಿಗೆ ಎಡೆಯಿಲ್ಲ. ಅನಾದಿಯಾದ ಜನ್ಮಪರಂಪರೆಯನ್ನು ಒಪ್ಪಿದರೆ ಸೃಷ್ಟಿಕರ್ತನ ಅಗತ್ಯವೇ ಇಲ್ಲದಂತಾಗುವುದೆಂದು ಕಂಡ ದೆಸಿದೇರಿಯು, ಪೂರ್ವಜನ್ಮಗಳನ್ನೂ ಶೂನ್ಯತೆಯನ್ನೂ ಕುರಿತು ಟಿಬೆಟ್ ಭಾಷೆಯಲ್ಲಿ ಬಹು ದೊಡ್ಡ ವಿಮರ್ಶಾಗ್ರಂಥವೊಂದನ್ನು ಆರಂಭಿಸಿದನು, ಅದು ಪೂರ್ಣವಾಗಲಿಲ್ಲ.

ಇಷ್ಟಾದರೂ ಟಿಬೆಟ್ಟಿನವರನ್ನು ಬರಿಯ ನಾಸ್ತಿಕರೆಂದು ಆತನು ಹೇಳಲಿಲ್ಲ. ಸಿದ್ಧಾಂತದಲ್ಲಿ ಅವರು ದೇವರನ್ನು ಅಲ್ಲಗಳೆದರೂ, ನಡೆಯಲ್ಲಿ ಅಸ್ಪಷ್ಟವಾಗಿ ಆತನನ್ನು ಒಪ್ಪಿರುವರೆಂದು ಆತನ ಅಭಿಪ್ರಾಯ. ಅವರು ತ್ರಿರತ್ನಗಳಿಗೆ ಶರಣುಹೋಗುವರು. ಆ ಶರಣ್ಯಕ್ಕೆ ಸರ್ವಜ್ಞತೆಯನ್ನೂ ಅಪಾರ ಕರುಣೆಯನ್ನೂ ರಕ್ಷಿಸುವ ಶಕ್ತಿಯನ್ನೂ ಆರೋಪಿಸುವರು. ಇಂಥ ಗುಣಗಳು ದೇವರಲ್ಲಲ್ಲದೆ ಬೇರೆಡೆಯಲ್ಲಿ ಇರಲಾರವೆಂದು ಕ್ರೈಸ್ತನಿಗೆ ತೋರುವುದು ಸಹಜ. ಬೌದ್ಧನು ಈ ತಾತ್ಪರ್ಯವನ್ನು ಒಪ್ಪಲಾರನೆಂಬುದೂ ಅಷ್ಟೇ ಸಹಜ. ಅವರ ನೀತಿಬೋಧೆಯಾದರೋ ಯುಕ್ತಿಗೆ ಸಮ್ಮತವಾದುದೆಂದು ದೆಸಿದೇರಿಯು ಮೆಚ್ಚಿಕೊಂಡಿದ್ದಾನೆ.

ಆತನ ದೋಷವನ್ನೂ ಮುಚ್ಚಿಡತಕ್ಕದ್ದಲ್ಲ. ದಲಾಯಿ ಲಾಮಾನು ಮತ್ತೆ ಮತ್ತೆ ಅವತರಿಸುವನೆಂಬ ನಂಬಿಕೆಯನ್ನು ವಿಚಾರಿಸುವಾಗ ಆತನು ಅದನ್ನು ಸೈತಾನನ ಮಾಯೆಯೆಂದು ನಿರ್ಣಯಿಸಿದನು. ಶೂನ್ಯತೆಯ ವಿಷಯದಲ್ಲಿ ತೋರಿಸಿದ ತಾಳ್ಮೆಯು ಇಲ್ಲಿ ಕಾಣುವುದಿಲ್ಲ. ಆತನ ಕಾಲದ ಕ್ರೈಸ್ತರ ದೃಷ್ಟಿಯ ಎಲ್ಲೆಯು ಅಲ್ಲಿಗೆ ಬಂದು ನಿಂತಿತ್ತು.

1717ರ ಕೊನೆಯಲ್ಲಿ ಜುಂಗಾರರು ಲ್ಹಾಸಾವನ್ನು ಮುತ್ತಿ ಲ್ಹಜಾಂಗ್ ಖಾನನನ್ನು ಕೊಂದರು. ದೆಸಿದೇರಿಯು ದಕ್ಪೊ ಪ್ರಾಂತಕ್ಕೆ ಸರಿದು ಬರವಣಿಗೆಯನ್ನು ಮುಂದುವರಿಸಿದನು. ಆದರೆ ಟಿಬೆಟ್ಟಿನ ಕಾರ್ಯಕ್ಷೇತ್ರವನ್ನು ರೋಮಿನ ಅಧಿಕಾರಿಗಳು ಅದಕ್ಕೆ ಮೊದಲೇ ಕಪುಚಿನ್ ಸಭೆಯವರಿಗೆ ವಹಿಸಿದ್ದುದರಿಂದ, 1721ರಲ್ಲಿ ಆತನು ಆ ದೇಶವನ್ನು ಬಿಡಬೇಕಾಯಿತು. 1728ರಲ್ಲಿ ರೋಮನ್ನು ಸೇರಿ, ಎರಡು ಸಭೆಗಳ ವ್ಯಾಜ್ಯದಲ್ಲಿ ಕಾಲ ಕಳೆದು, 1733ರಲ್ಲಿ ಮೃತನಾದನು. ಆತನ ಟಿಬೆಟ್ ಗ್ರಂಥಗಳು ಹಸ್ತಪ್ರತಿಗಳಾಗಿಯೇ ರೋಮಿನಲ್ಲಿ ಉಳಿದುವು. ಇಪ್ಪತ್ತನೆಯ ಶತಮಾನದವರೆಗೂ ಅಚ್ಚಾಗಲಿಲ್ಲ. ಯಾರನ್ನು ಉದ್ದೇಶಿಸಿ ಆತನು ವಾದಿಸಿದನೋ ಆ ಪಂಡಿತರ ಕೈಗೆ ಆ ವಾದವು ಸೇರಲಿಲ್ಲ. ಪೂರ್ವಪಕ್ಷವನ್ನು ಅಷ್ಟು ಶ್ರಮದಿಂದ ಕಲಿತವನಿಗೆ ಉತ್ತರಪಕ್ಷವನ್ನು ಕೇಳುವ ಭಾಗ್ಯವೊದಗಲಿಲ್ಲ.

1965ನೆಯ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಘೋಷಣೆಯಲ್ಲಿ, ಈ ಚಂಚಲ ಜಗತ್ತಿನ ಅಪೂರ್ಣತೆಯನ್ನು ಬೌದ್ಧಮತವು ಅರಿತಿದೆಯೆಂದೂ, ಇತರ ಮತಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಕಥೋಲಿಕ ಸಭೆಯು ತಿರಸ್ಕರಿಸುವುದಿಲ್ಲವೆಂದೂ ಹೇಳಲ್ಪಟ್ಟಿತು. ದೆಸಿದೇರಿಯು ಸೆರಾದಲ್ಲಿ ಕುಳಿತು ಕಂಡುಕೊಂಡ ಮೊದಲರ್ಧವು ಇದೇ ಆಗಿದೆ. ಉಳಿದರ್ಧದ ವಾದವು ಇನ್ನೂ ಮುಗಿದಿಲ್ಲ.

ಕೊನೆಯದಾಗಿ ಕನ್ನಡಿಗರಿಗೆ ಸಂಬಂಧಿಸಿದ ಒಂದು ಮಾತು. 1959ರ ಅನಂತರ ಟಿಬೆಟ್ಟನ್ನು ತೊರೆದು ಬಂದವರಲ್ಲಿ ಅನೇಕರು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿದರು. ಸೆರಾದ ಭಿಕ್ಷುಗಳು ಅಲ್ಲಿಯೇ ತಮ್ಮ ವಿಹಾರವನ್ನು ಮರಳಿ ಕಟ್ಟಿ, ಹಿಂದಿನಂತೆಯೇ ಕೈತಟ್ಟಿ ವಾದಿಸುತ್ತ ಶೂನ್ಯತೆಯನ್ನು ಅಭ್ಯಾಸಮಾಡುತ್ತಿದ್ದಾರೆ. ಮೂರು ಶತಮಾನಗಳ ಹಿಂದೆ ಒಬ್ಬ ಕ್ರೈಸ್ತನು ಯಾವ ವಿದ್ಯಾಪೀಠಕ್ಕೆ ಶಿಷ್ಯನಾಗಿ ಹೋದನೋ ಅದರ ಪರಂಪರೆಯು ಇಂದು ನಮ್ಮ ನಾಡಿನಲ್ಲಿಯೇ ಇದೆ. ಎರಡು ಮತಗಳನ್ನು ಹೋಲಿಸಲಿಚ್ಛಿಸುವ ನಮ್ಮಲ್ಲಿನ ಕ್ರೈಸ್ತ ವಿದ್ವಾಂಸರಿಗೆ ಹಿಮಾಲಯವನ್ನು ದಾಟುವ ಕಷ್ಟವೂ ಉಳಿದಿಲ್ಲ. ಮೊದಲು ಓದು, ಆಮೇಲೆ ವಾದಿಸು ಎಂಬ ಖಾನನ ಆಜ್ಞೆಯನ್ನು ಪಾಲಿಸುವುದೊಂದೇ ಉಳಿದಿದೆ.